ಜೋಡೆತ್ತು ಪಾಲು ಮಾಡ್ಕೊಂಡ ಅಣ್ಣತಮ್ಮಂದಿರು

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೂ ಹಲ್ಲು ಮೂಡದ ಕಾಲದಲ್ಲಿ, ಹಾಲವ್ವ ಅಂತ ಒಬ್ಬಳಿದ್ದಳಂತೆ. ಗಂಡ ಇಲ್ಲ, ಮೂರು ಜನ ಗಂಡುಮಕ್ಕಳು, ಒಬ್ಬೊಬ್ಬನೂ ಬಾಗಿಲು ತುಂಬೋ ಹಾಗಿದ್ರಂತೆ. ಕಾಲು ಒದೀಬೇಡ, ಕೇಳು. ಆ ಮೂರೂ ಜನಕ್ಕೆ ಒಂದಿನ ಜಗಳ ಬಂತಂತೆ, ತಿಂದ ಅನ್ನ ಅರಗದೆ ಬಂದ ಜಗಳ. ಆಮೇಲೆ ಬೇರೆ ಆಗೇ ಬಿಡೋಣ ಅಂತ ಹೊಲ ಹಂಚಿಕೊಂಡು, ಅವ್ವನಿಗೆ ಒಂದು ಪಟ್ಟೆ ಬಿಟ್ಟು, ಬಲದೆತ್ತು ದೊಡ್ಡವನಿಗೆ, ಎಡದೆತ್ತು ನಡುವಿನವನಿಗೆ, ನೊಗ, ಬೀಜ ಬಿತ್ತೋ ಕೂರಿಗೆ ಚಿಕ್ಕವನಿಗೆ ಅಂತ ಮಾಡ್ಕೊಂಡ್ರಂತೆ. ನಗ್ತೀಯಾ? ನಗು, ಊರೂ ನಕ್ತು.

ಹಾಲವ್ವ ನಗಲಿಲ್ಲ, ಬಯ್ಯಲೂ ಇಲ್ಲ. ಕೂರಿಸಿ ಬುದ್ಧಿ ಹೇಳವ್ವ ಅಂದವರಿಗೆ, ಹಸಿ ಗಾಯ ಕೆರೆದ್ರೆ ಮಾಯ್ತದಾ, ಸುಮ್ನಿರಿ, ನನ್ನ ಮಕ್ಕಳು ನನಗೆ ಗೊತ್ತು ಅಂದಳಂತೆ.

ಆಮೇಲೆ ಮಳೆ ಬಂತಂತೆ, ಬಿತ್ತನೆಗೆ ಹದ ಆಯ್ತಂತೆ. ಹದ ಯಾರ ಮುನಿಸನ್ನೂ ಕಾಯಲ್ಲ ಮಗಾ, ನೆಲ ಆರಿದ್ರೆ ಆ ವರ್ಷ ಮೂರೂ ಮನೆ ಒಲೆ ತಣ್ಣಗೆ. ದೊಡ್ಡವನು ಎರವಲು ನೊಗ ತಂದು ಎತ್ತಿನ ಜೊತೆ ಕೋಣ ಕಟ್ಟಿದ, ಅದು ಎತ್ತನ್ನೂ ಎಳ್ಕೊಂಡು ಕೆರೆಗೆ ಇಳೀತಂತೆ. ನಡುವಿನವನು ಹಸು ಕಟ್ಟಿದ, ಅದು ಕರು ನೆನೆಸ್ಕೊಂಡು ಮನೆಗೇ ವಾಪಸ್ ಬಂತಂತೆ. ಚಿಕ್ಕವನು ನೊಗಕ್ಕೆ ತಾನೇ ಹೆಗಲು ಕೊಟ್ಟು, ಒಂದು ಸಾಲು ಮುಗಿಯೋದರೊಳಗೆ ಮಕಾಡೆ ಬಿದ್ದನಂತೆ.

ಆಗ ಎದ್ದಳು ನೋಡು ಹಾಲವ್ವ. ಮೂರು ಮನೆಗೂ ಹೋಗಿ, ನನ್ನ ಪಟ್ಟೆ ಬಿತ್ತಬೇಕಪ್ಪ, ನಿನ್ನ ಪಾಲಿಂದು ಹಿಡ್ಕೊಂಡು ಬಾ ಅಂದಳು, ಅಷ್ಟೇ. ಹೆತ್ತವಳಿಗೆ ಯಾರು ಇಲ್ಲ ಅಂತಾರೆ? ಮೂವರೂ ಬಂದ್ರು, ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಎತ್ತುಗಳು ನೋಡಿದ್ವಂತೆ. ಹಗ್ಗ ಕಿತ್ಕೊಂಡು ಹೋಗಿ ಒಂದರ ಕುತ್ತಿಗೆ ಒಂದು ನೆಕ್ಕಿದ್ವಂತೆ. ಮೂಕಪ್ರಾಣಿಗಿರೋ ಬುದ್ಧಿ ನಮಗಿಲ್ವಲ್ಲ ಅಂತ ನಡುವಿನವನ ಕಣ್ಣು ತುಂಬಿ ಬಂತು, ದೊಡ್ಡವನು ಹೋಗಿ ಚಿಕ್ಕವನ ಜೊತೆ ನೊಗಕ್ಕೆ ಕೈ ಹಾಕಿದ. ಹಾಲವ್ವ ಉಡಿ ತುಂಬ ಜೋಳ ಕಟ್ಕೊಂಡು, ಕೂರಿಗೆ ಬಟ್ಟಲಿಗೆ ಕಾಳು ಬಿಡ್ತಾ, ಊರು ನೋಡಲಿ ಅಂತ ತಲೆ ಎತ್ಕೊಂಡು ನಡೆದಳಂತೆ.

ಅವ್ವನ ಪಟ್ಟೆ ಮುಗೀತು. ಇನ್ನು ದೊಡ್ಡಣ್ಣಂದು ಅಂದ ಚಿಕ್ಕವನು. ಇಲ್ಲ, ನಿನ್ನ ಹೆಗಲು ಕಿತ್ತೋಗಿದೆ, ನಿಂದೇ ಮೊದಲು ಅಂದ ದೊಡ್ಡವನು. ಹದ ಆರೋದರೊಳಗೆ ಮೂರೂ ಹೊಲ ಬಿತ್ತಿದ್ರಂತೆ. ಅಲ್ಲಿಗೆ ಅವರ ಬಿತ್ತನೇನೂ ಮುಗೀತು, ನನ್ನ ಕತೇನೂ ಮುಗೀತು. ಆ ಮೇಲಿಂದ ದಾರಿ ಮೇಲೆ ಹೋಗೋರು ನಿಂತು, ಯಾರವಪ್ಪ ಇಂಥ ಜೋಡೆತ್ತು ಅಂತ ಕೇಳಿದ್ರೆ, ನಂದು ನಿಂದು ಅನ್ನದೆ, ಮೂವರೂ ಒಂದೇ ಬಾಯಲ್ಲಿ, ನಮ್ಮವ್ವನವು ಅಂತಿದ್ರಂತೆ.