ಸೂಜಪ್ಪನಿಗೆ ಚೇಳುಗಳ ನಮಸ್ಕಾರ

ಮಕ್ಕಳೇ, ಮರಳುಗಾಡು ಅಂದರೆ ಬರೀ ಮರಳು, ಅಲ್ಲಿ ಯಾರೂ ಇರುವುದಿಲ್ಲ ಅಂತ ನೀವು ತಿಳಿದಿದ್ದರೆ ಅದು ತಪ್ಪು. ಹಗಲಲ್ಲಿ ಎಲ್ಲರೂ ನೆಲದೊಳಗೆ ಇರುತ್ತಾರೆ, ಅಷ್ಟೆ. ಅಂಥದೊಂದು ಮರಳುಗಾಡಿನಲ್ಲಿ, ಒಣಗಿಹೋದ ಉಪ್ಪುಕೆರೆಯ ದಂಡೆಯ ಮೇಲೆ ಒಂದು ಬಿಲ. ಅದರಲ್ಲಿ ಸೂಜಪ್ಪ ಎಂಬ ಮುಳ್ಳುಹಂದಿ ತನ್ನ ಹೆಂಡತಿ ದುಂಡವ್ವನ ಜೊತೆ ಸಂಸಾರ ಮಾಡಿಕೊಂಡಿತ್ತು.

ಮುಳ್ಳುಹಂದಿಗಳಿಗೆ ಮೂಳೆ ಕಡಿಯುವ ಅಭ್ಯಾಸ. ಕಡಿಯದಿದ್ದರೆ ಹಲ್ಲು ಬೆಳೆದು ಬೆಳೆದು ಬಾಯಿ ಮುಚ್ಚುವುದಕ್ಕೂ ಆಗುವುದಿಲ್ಲ. ಅದಕ್ಕೇ ಎಲ್ಲೆಲ್ಲಿಂದಲೋ ಒಣಮೂಳೆ ಎಳೆದು ತಂದು ಬಿಲದಲ್ಲಿ ಒಟ್ಟಿಕೊಳ್ಳುತ್ತವೆ. ಯಾರ ಮನೆಯಲ್ಲಿ ಮೂಳೆ ಹೆಚ್ಚೋ ಅವರಿಗೆ ಮರ್ಯಾದೆ ಹೆಚ್ಚು. ಸೂಜಪ್ಪನ ಮನೆಯಲ್ಲಿ ಒಂಟೆಯ ಕಾಲುಮೂಳೆಗಳೇ ಇದ್ದವು. ಆದರೂ ಅವನಿಗೆ ಸಮಾಧಾನವಿಲ್ಲ.

"ಸತ್ತದ್ದನ್ನು ಯಾರು ಬೇಕಾದರೂ ಕೂಡಿಡಬಹುದು ಕಣೆ. ನಾನು ಜೀವ ಇರೋದನ್ನ ಕೂಡಿಡ್ತೀನಿ," ಎಂದ ಒಂದು ಸಂಜೆ.

ಕೂಡಿಟ್ಟದ್ದು ಏನನ್ನು ಗೊತ್ತೇ? ಚೇಳುಗಳನ್ನು! ಕಲ್ಲಿನಡಿ ಸಿಕ್ಕ ಹಳದಿ ಚೇಳೊಂದನ್ನು ಮುಳ್ಳಿನ ತುದಿಯಿಂದ ತಳ್ಳಿ ತಳ್ಳಿ ಪೊಳ್ಳು ಮೂಳೆಯೊಳಗೆ ಹೊಗಿಸಿದ. ಕೆರೆಯ ಉಪ್ಪುಮಣ್ಣು ಮೆತ್ತಿ ಮೂಳೆಯ ಬಾಯಿ ಮುಚ್ಚಿದ. ಆಮೇಲೆ ದಪ್ಪ ಬಾಲದ ಕರಿ ಚೇಳು ಬಂತು. ಬೆನ್ನ ತುಂಬ ಮರಿ ಹೊತ್ತ ತಾಯಿಚೇಳು ಬಂತು. ಒಂದೊಂದಕ್ಕೂ ಒಂದೊಂದು ಮೂಳೆ. ಮಳೆ ಬಂದು ಹೋಗುವ ಹೊತ್ತಿಗೆ ಬಿಲದ ಗೋಡೆಯುದ್ದಕ್ಕೂ ಮಣ್ಣು ಮೆತ್ತಿದ ಮೂಳೆಗಳು.

ಸಂಜೆಯಾದರೆ ಸೂಜಪ್ಪನ ಪ್ರದರ್ಶನ. ಒಂದು ಚೇಳನ್ನು ಹೊರಗೆ ಬಿಟ್ಟು, ಅದರ ಮುಂದೆ ನಿಂತು, ಮೈಮುಳ್ಳೆಲ್ಲ ಝಲಝಲ ಅಲುಗಿಸುತ್ತಿದ್ದ. ತಕ್ಷಣ ಚೇಳು ಬಾಲ ಎತ್ತುತ್ತಿತ್ತು.

"ನೋಡಿದಿರಾ? ನನಗೆ ನಮಸ್ಕಾರ ಮಾಡ್ತಿದೆ!"

ಮೊಲಗಳು, ಇಲಿಗಳು ಬೆರಗಾಗಿ ನೋಡುತ್ತಿದ್ದವು. ಪಕ್ಕದ ದಿಬ್ಬದ ಉಡದಜ್ಜ ಮಾತ್ರ ನಾಲಿಗೆ ಚಾಚಿ ನಕ್ಕ.

"ಯಾವ ನಮಸ್ಕಾರವೋ ಮಾರಾಯ! ಚೇಳಿಗೆ ಕಿವಿ ಇಲ್ಲ, ನೆಲದ ನಡುಕವೇ ಅದಕ್ಕೆ ಕಿವಿ. ಎಲ್ಲಿ ನೆಲ ಅದುರುತ್ತೋ ಅಲ್ಲಿ ಹೊಟ್ಟೆಗೆ ಏನೋ ಇದೆ ಅಂತ ಬಾಲ ಎತ್ತಿಕೊಂಡು ಹೊರಡುತ್ತೆ. ನೀನು ಕುಣಿದದ್ದು ಸಾಕು. ಒಂದೊಂದೇ ಇತ್ತ ತಳ್ಳು, ನಾನು ನುಂಗಿ ಪುಣ್ಯ ಕಟ್ಟಿಕೊಳ್ಳುತ್ತೇನೆ."

"ನನ್ನ ಸಂಗ್ರಹಕ್ಕೇ ಬಾಯಿ ಹಾಕ್ತೀಯಾ ಅಜ್ಜ? ಹೊಟ್ಟೆಕಿಚ್ಚು ನಿನಗೆ!" ಎಂದು ಸೂಜಪ್ಪ ಮುಖ ತಿರುಗಿಸಿದ.

ಅವನೇನೋ ಹೊಗಳಿಸಿಕೊಂಡು ಹಗಲೆಲ್ಲ ಗೊರಕೆ ಹೊಡೆಯುತ್ತಿದ್ದ. ನಿದ್ದೆಗೆಟ್ಟವಳು ದುಂಡವ್ವ. ಮುಳ್ಳುಹಂದಿಗಳಿಗೆ ಹಗಲೇ ಮಲಗುವ ಹೊತ್ತು. ಹೊರಗೆ ಬಿಸಿಲು ಸುಡುತ್ತಿರುವಾಗ ಕತ್ತಲ ಬಿಲದೊಳಗೆ ಅವಳ ಸುತ್ತ ಮೂಳೆಗಳು ಸದ್ದು ಮಾಡುತ್ತಿದ್ದವು. ಕರ... ಕರ... ಆಚೆ ಗೋಡೆಯಲ್ಲೊಂದು ಕೆರೆಯುತ್ತಿತ್ತು. ಅದು ನಿಂತರೆ ತಲೆಯ ಹತ್ತಿರ ಇನ್ನೊಂದು ಶುರುಮಾಡುತ್ತಿತ್ತು. ಅವಳು ಮಗ್ಗುಲು ಬದಲಿಸಿದರೆ ಸಾಕು, ಎಲ್ಲ ಮೂಳೆಗಳೂ ಒಟ್ಟಿಗೇ ಸುಮ್ಮನಾಗುತ್ತಿದ್ದವು. ಅವು ಹಾಗೆ ಸುಮ್ಮನಾಗುವುದೇ ಅವಳಿಗೆ ಹೆಚ್ಚು ಭಯ. ತಾನು ಉಸಿರಾಡುವುದನ್ನು ಅವು ಒಳಗಿನಿಂದ ಲೆಕ್ಕ ಹಾಕುತ್ತಿವೆ ಅನ್ನಿಸುತ್ತಿತ್ತು.

ಅಷ್ಟರಲ್ಲಿ ಅವಳಿಗೆ ಮಗುವಾಯಿತು. ಮುಗುಳಿ ಎಂದು ಹೆಸರಿಟ್ಟರು. ಮುಳ್ಳುಹಂದಿಯ ಕೂಸಿಗೆ ಹುಟ್ಟುವಾಗಲೇ ಮುಳ್ಳಿರುತ್ತದೆ. ಆದರೆ ಹಸಿಹುಲ್ಲಿನಂತೆ ಮೆತ್ತಗೆ, ಮುಟ್ಟಿದರೆ ಬಾಗುತ್ತದೆ.

"ಇವನ್ನೆಲ್ಲ ದೂರ ಬಿಟ್ಟು ಬಾ. ಮಗುವಿನ ಮುಳ್ಳು ಗಟ್ಟಿಯಾಗೋ ತನಕವಾದರೂ. ನಿನ್ನ ಕಾಲು ಹಿಡೀತೀನಿ," ಎಂದಳು ದುಂಡವ್ವ.

"ಹುಚ್ಚಿ! ನಾನು ಇರುವಾಗ ಅವು ಯಾರನ್ನೂ ಕುಟುಕಲ್ಲ. ನಾನಂದ್ರೆ ಅಷ್ಟು ಭಕ್ತಿ ಅವಕ್ಕೆ."

ಮುಗುಳಿಗೆ ಹಲ್ಲು ಮೂಡತೊಡಗಿತು. ಹಲ್ಲಿನ ನವೆಗೆ ಕಡಿಯಲಿ ಅಂತ ದುಂಡವ್ವ ಒಂದು ಪುಟ್ಟ ಮೂಳೆ ಕೊಟ್ಟಿದ್ದಳು. ಚೇಳಿಲ್ಲದ ಮೂಳೆ ಮನೆಯಲ್ಲಿ ಉಳಿದದ್ದು ಅದೊಂದೇ. ಒಂದು ಬೆಳಗಿನ ಜಾವ ಸೂಜಪ್ಪ ಕುಣಿಯುತ್ತ ಬಂದ. ಯಾರೂ ನೋಡದಂಥ ಕೆಂಪು ಚೇಳು ಸಿಕ್ಕಿತ್ತು. ಮಗುವಿನ ಬಾಯಿಂದ ಮೂಳೆ ಕಿತ್ತು ಚೇಳನ್ನು ಅದರೊಳಗೆ ಹೊಗಿಸಿಬಿಟ್ಟ.

"ಅಯ್ಯೋ, ಅದು ಮಗುವಿನದು!" ಎಂದಳು ದುಂಡವ್ವ.

"ನಾಳೆ ಇನ್ನೊಂದು ತಂದುಕೊಟ್ಟರಾಯಿತು, ಬಿಡು," ಎಂದು ಮಣ್ಣು ಮೆತ್ತಿ, ಮೂಳೆಯನ್ನು ಗೋಡೆಗೆ ಒರಗಿಸಿ ಮಲಗಿದ. ಅತ್ತು ಅತ್ತು ಸುಸ್ತಾಗಿ ಮಗುವೂ ಮಲಗಿತು. ಎಷ್ಟೋ ದಿನದ ನಿದ್ದೆ ಕಟ್ಟಿದ್ದ ದುಂಡವ್ವನ ಕಣ್ಣೂ ಹತ್ತಿತು.

ನಡುಮಧ್ಯಾಹ್ನ ಅವಳಿಗೆ ಎಚ್ಚರವಾಯಿತು. ಕರಕರ ಸದ್ದಿಲ್ಲ. ಒಂದು ಮೂಳೆಯೂ ಕೆರೆಯುತ್ತಿಲ್ಲ. ಬೇರೊಂದು ಸದ್ದು ಕೇಳಿಸಿತು. ಕಟುಂ, ಕಟುಂ.

ಬಿಲದ ಬಾಯಿಂದ ಒಂದು ಎಳೆ ಬಿಸಿಲು ಒಳಗೆ ಬಿದ್ದಿತ್ತು. ಅದರಲ್ಲಿ ಮುಗುಳಿ ಕೂತು ತನ್ನ ಮೂಳೆಯನ್ನು ಹುಡುಕುತ್ತಿತ್ತು. ಒಂದು ಮೂಳೆ ಎಳೆಯುವುದು, ಅದರ ಬಾಯಿಗೆ ಮೆತ್ತಿದ ಉಪ್ಪುಮಣ್ಣನ್ನು ರುಚಿಯಾಗಿ ಕಡಿದು ನೆಕ್ಕುವುದು, ತನ್ನದಲ್ಲ ಅಂತ ಬಿಟ್ಟು ಇನ್ನೊಂದು ಎಳೆಯುವುದು. ಗೋಡೆಯುದ್ದಕ್ಕೂ ಮೂಳೆಗಳ ಬಾಯಿ ತೆರೆದಿತ್ತು. ಮಗುವಿನ ಸುತ್ತಲಿನ ಮರಳು ಮೆಲ್ಲಗೆ ಸರಿದಾಡುತ್ತಿತ್ತು.

ದುಂಡವ್ವ ಉಸಿರು ಬಿಡದೆ ಗಂಡನನ್ನು ಮೂತಿಯಿಂದ ತಿವಿದಳು. ಸೂಜಪ್ಪ ಕಣ್ಣು ಬಿಟ್ಟ, ನೋಡಿದ, ಹೆದರಿದ. ಹೆದರಿದ ಮುಳ್ಳುಹಂದಿಯ ಮುಳ್ಳು ತಾನಾಗಿಯೇ ಏಳುತ್ತದೆ. ಝಲಝಲಝಲ!

ಬಿಲದ ತುಂಬ ಬಾಲಗಳು ಎದ್ದವು.

"ಅಪ್ಪಾ, ನೋಡು! ಎಲ್ಲವೂ ನಮಸ್ಕಾರ ಮಾಡ್ತಿವೆ!" ಎಂದು ಮುಗುಳಿ ನಕ್ಕಿತು.

ತಾನು ಝಲ್ಲೆಂದಾಗ ಅವು ಒಂದು ಹೆಜ್ಜೆ ತನ್ನ ಕಡೆಗೆ ಬರುವುದನ್ನು ಈಗ ಸೂಜಪ್ಪ ಕಂಡ. ನಡುಕ ತಡೆದಾಗ ಅವು ನಿಂತು, ಮಗುವಿನ ಕಡೆಗೆ ತಿರುಗುತ್ತಿದ್ದವು. ಮುಗುಳಿ ಸಂತೋಷಕ್ಕೆ ಕಾಲು ಬಡಿಯುತ್ತಿತ್ತಲ್ಲ!

"ಉಡದಜ್ಜ ಹೇಳಿದ್ದು ನಿಜ ಕಣೆ," ಎಂದ ಸೂಜಪ್ಪ. ಅವನ ದನಿ ಅವನದೇ ಅಲ್ಲವೆಂಬಂತಿತ್ತು. "ನಾನು ಒಳಕೋಣೆಗೆ ಹೋಗ್ತೀನಿ. ಅವು ನನ್ನ ಹಿಂದೆ ಬಂದ ಮೇಲೆ ಮಗುವನ್ನು ಕಚ್ಚಿಕೊಂಡು ಹೊರಗೆ ನಡೆ. ಮೆಲ್ಲಗೆ. ಓಡಬೇಡ."

"ಒಳಕೋಣೆಗೆ ಬೇರೆ ದಾರಿಯೇ ಇಲ್ಲವಲ್ಲ!" ಎಂದಳು ದುಂಡವ್ವ.

ಸೂಜಪ್ಪ ಹಿಂದಕ್ಕೆ ಸರಿಯುತ್ತ ಸರಿಯುತ್ತ ಕತ್ತಲ ಒಳಕೋಣೆ ಸೇರಿ, ಜನ್ಮದಲ್ಲಿ ಎಂದೂ ಅಲುಗಿಸದಷ್ಟು ಜೋರಾಗಿ ಮುಳ್ಳು ಅಲುಗಿಸಿದ. ಹಳದಿ, ಕರಿ, ಕೆಂಪು ಚೇಳುಗಳೆಲ್ಲ ಬಾಲ ಎತ್ತಿಕೊಂಡು, ಸಾಲುಗಟ್ಟಿ, ಸದ್ದಿಲ್ಲದೆ ಅತ್ತ ನಡೆದವು. ದುಂಡವ್ವ ಮಗುವಿನ ಕುತ್ತಿಗೆ ಕಚ್ಚಿ, ಮರಳು ಅಲುಗದಂತೆ ಹೆಜ್ಜೆಯಿಟ್ಟು ಹೊರಬಂದಳು.

ಅಳುತ್ತ ಉಡದಜ್ಜನನ್ನು ಕರೆತಂದಳು. ಅಜ್ಜ ಬಿಲದ ಬಾಯಲ್ಲಿ ನಾಲಿಗೆ ಚಾಚಿ ಗಾಳಿ ಮೂಸಿ ನೋಡಿ ಹಿಂದೆ ಸರಿದ.

"ಅಂದು ಒಂದೊಂದೇ ಕೊಟ್ಟಿದ್ದರೆ ನುಂಗುತ್ತಿದ್ದೆ ಮಗಳೇ. ಇಷ್ಟೊಂದರ ನಡುವೆ ನಾನೂ ಕಾಲಿಡಲಾರೆ."

ಒಳಗಿಂದ ಝಲಝಲ ಕೇಳುತ್ತಲೇ ಇತ್ತು. ಬಿಸಿಲು ಇಳಿಯುವಾಗ ಅದು ನಿಧಾನವಾಯಿತು. ಆಮೇಲೆ ಬಿಟ್ಟು ಬಿಟ್ಟು ಕೇಳಿತು. ಆಮೇಲೆ ನಿಂತಿತು. ದುಂಡವ್ವ ಹೆಸರು ಹಿಡಿದು ಕೂಗಿದಳು. ಒಳಗಿಂದ ಬಂದದ್ದು ಕರ... ಕರ... ಎಂಬ ಸದ್ದೊಂದೇ.

ತಾಯಿ ಮಗು ಕೆರೆಯ ಆಚೆ ದಂಡೆಗೆ ಹೋಗಿ ಹೊಸ ಬಿಲ ತೋಡಿಕೊಂಡರು. ಮುಗುಳಿ ಬೆಳೆಯಿತು, ಮುಳ್ಳು ಗಟ್ಟಿಯಾಯಿತು. ಒಂದು ಸಂಜೆ ಆಟದ ನಡುವೆ ಅದು ಮೊದಲ ಸಲ ಮೈಮುಳ್ಳು ಅಲುಗಿಸಿ, "ಅಮ್ಮಾ, ಥೇಟ್ ಅಪ್ಪನ ಹಾಗೇ ಬಂತು, ಅಲ್ವಾ?" ಎಂದಿತು.

"ಹೌದು ಮಗಾ, ಹಾಗೇ ಬಂತು," ಎಂದಳು ದುಂಡವ್ವ. ಎಂದವಳು ಮಗುವಿನ ಮುಖ ನೋಡಲಿಲ್ಲ, ಅದರ ಕಾಲ ಬಳಿಯ ಮರಳನ್ನೇ ನೋಡುತ್ತ ನಿಂತಳು.

ನೀತಿ: ಅಪಾಯವನ್ನು ಮನೆಯಲ್ಲಿ ಸಾಕಿ, ಅದರ ಬೆದರಿಕೆಯನ್ನೇ ಭಕ್ತಿಯೆಂದು ತಿಳಿದು ಮೆರೆಯುವವನು ಮನೆಮಂದಿಯ ಪ್ರಾಣವನ್ನೂ ಪಣಕ್ಕಿಡುತ್ತಾನೆ.