ಗಿಳಿಶಾಸ್ತ್ರದವನ ದೂರು

"ಗುರುಗಳೇ, ಒಬ್ಬರಿಂದ ನನಗೆ ನಷ್ಟ ಆಗಿದೆ. ಪರಿಹಾರ ಕೇಳೋದು ತಪ್ಪಾ?" ಅಂತ ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಂದೂರಲ್ಲಿ ಒಬ್ಬ ಗಿಳಿಶಾಸ್ತ್ರದವನಿದ್ದ. ಅವನ ಗಿಳಿ ಪಂಜರದಿಂದ ಹೊರಗೆ ಬಂದು, ಜೋಡಿಸಿಟ್ಟ ಚೀಟಿಗಳಲ್ಲಿ ಒಂದನ್ನ ಎಳೆದು ಕೊಡೋದು. ಅದರಲ್ಲಿದ್ದದ್ದೇ ಕೇಳಿದವರ ಭವಿಷ್ಯ. ಹೆಂಡತಿ ಮಕ್ಕಳಿಲ್ಲದ ಅವನಿಗೆ ಆ ಗಿಳಿಯೇ ಸಂಸಾರ.

ಒಂದು ದಿನ ಅಂಗಡಿಯಿಂದ ತಂದ ನವಣೆ ತಿಂದು ಗಿಳಿ ಕತ್ತು ವಾಲಿಸಿ ಬಿದ್ದುಕೊಂಡಿತು. ವ್ಯಾಪಾರಿ ಇಲಿಪಾಷಾಣದ ಚೀಲವನ್ನ ಕೊಡವಿ, ಅದರಲ್ಲೇ ನವಣೆ ತುಂಬಿದ್ದ. "ಬದುಕಬಹುದು, ಆದರೆ ಔಷಧಿ ದುಬಾರಿ" ಅಂದ ವೈದ್ಯ. ಗಿಳಿಶಾಸ್ತ್ರದವನ ಹತ್ತಿರ ಅಷ್ಟೆಲ್ಲಿ ಬರಬೇಕು? ಪಂಜರ ಅವಚಿಕೊಂಡು ಪಟೇಲರ ನ್ಯಾಯದ ಕಟ್ಟೆಗೆ ಓಡಿದ. ಉಸಿರಾಡ್ತಿದೆಯಾ ಅಂತ ಬಗ್ಗಿ ಬಗ್ಗಿ ನೋಡ್ತಾ ಕಂಬಕ್ಕೆ ಹಣೆ ಬಡಿಸಿಕೊಂಡ.

ವ್ಯಾಪಾರಿ ಚೀಲದ ವಿಷಯ ಅಲ್ಲಗಳೆಯಲಿಲ್ಲ. "ಊರಿಗೆಲ್ಲ ನಾಳೆ ಏನಾಗುತ್ತೆ ಅಂತ ಹೇಳೋ ಗಿಳಿಯಪ್ಪಾ ಇದು! ತನ್ನ ಬಟ್ಟಲಲ್ಲಿ ವಿಷ ಇರೋದು ಗೊತ್ತಾಗಲಿಲ್ವಾ? ಗೊತ್ತಿದ್ದೂ ತಿಂದರೆ ನಾನೇನು ಮಾಡಲಿ?" ಅಂದ.

ಕಟ್ಟೆ ತುಂಬ ನಗು. ಗಿಳಿಶಾಸ್ತ್ರದವನು ಸುತ್ತ ನೋಡಿದ. ಎದುರಿಗೆ ಕೂತವರಲ್ಲಿ ಅರ್ಧ ಜನ ಗಿಳಿ ಒಪ್ಪಿದ ಸಂಬಂಧವನ್ನೇ ಮದುವೆಯಾದವರು. ಪಟೇಲರಂತೂ ಗಿಳಿಯ ಚೀಟಿ ನಂಬಿ ಮುಂಬಾಗಿಲಿಗೆ ಗೋಡೆ ಎಬ್ಬಿಸಿ, ಅಡಿಗೆಮನೆ ಹಿಂದಿನಿಂದ ಓಡಾಡ್ತಿದ್ದರು. ಪಂಜರದೊಳಗೆ ರೆಕ್ಕೆ ಅದುರಿತು.

"ಅದಕ್ಕೇನೂ ಗೊತ್ತಿಲ್ಲ ಬುದ್ಧಿ," ಅಂದ ಗಿಳಿಶಾಸ್ತ್ರದವನು. "ನಾನು ಯಾವ ಚೀಟಿಗೆ ಕಾಳು ಸಿಕ್ಕಿಸಿರ್ತೀನೋ ಅದನ್ನ ಎಳೆಯುತ್ತೆ. ಅದಕ್ಕೆ ಗೊತ್ತಿರೋದು ಹಸಿವೊಂದೇ."

ನಗು ನಿಂತಿತು.

"ಗಿಳಿ ಹುಷಾರಾಗೋವರೆಗೂ ಔಷಧಿ ಖರ್ಚೆಲ್ಲ ವ್ಯಾಪಾರಿಯದು," ಅಂದರು ಪಟೇಲರು.

ಗಿಳಿಶಾಸ್ತ್ರದವನು ಕೈಮುಗಿದು ಎದ್ದ.

"ಕೂತ್ಕೊಳ್ಳಯ್ಯ. ಇನ್ನು ನನ್ನ ಬಾಗಿಲಿನ ವಿಷಯಕ್ಕೆ ಬರೋಣ."

ಗಿಳಿಯ ಚೀಟಿ ನಂಬಿ ಮದುವೆಯಾದವರು ಆಗಲೇ ಪಟೇಲರ ಹಿಂದೆ ಸಾಲುಗಟ್ಟಿದ್ದರು. ಗಿಳಿಯೇನೋ ಬದುಕಿತು. ಚೀಟಿ ಎಳೆಯೋ ಕೆಲಸ ಮಾತ್ರ ಅದಕ್ಕೆ ಮತ್ತೆ ಬೀಳಲಿಲ್ಲ.

"ಹಾಗಾದರೆ ನಾನು ಪರಿಹಾರ ಕೇಳಬಾರದಾ?" ಅಂದ ಶಿಷ್ಯ.

"ಧಾರಾಳವಾಗಿ ಕೇಳು, ಅಲ್ಲಿ ನಿನ್ನನ್ನ ಏನು ಕೇಳ್ತಾರೆ ಅಂತ ನಿನಗೆ ಗೊತ್ತಿದೆ ತಾನೇ?" ಅಂದರು ಗುರುಗಳು.