ಶಾಫ್ಟಿನ ಮೇಲಿನ ಗೆರೆ

ಮಲಪ್ರಭೆಯ ದಂಡೆಯ ಮೇಲೊಂದು ಸಣ್ಣ ಮಠ. ಅಲ್ಲಿ ಮುರಿಗಯ್ಯ ಎಂಬ ಅಜ್ಜಾರು, ಅವರಿಗೆ ಪರ್ವತಯ್ಯ ಎಂಬ ಶಿಷ್ಯ.

ಮಠದ ಬಾವಿಯ ಮೇಲೆ ಹಳೆಯದೊಂದು ಪಂಪು ಇತ್ತು. ದಾಸೋಹದ ಅಡುಗೆಗೂ ಬಂದವರ ಬಾಯಾರಿಕೆಗೂ ಅದೇ ನೀರೆತ್ತಬೇಕು. ಅದನ್ನು ನೋಡಿಕೊಳ್ಳುವ ಕೆಲಸ ಪರ್ವತಯ್ಯನದು.

ಆ ಬೇಸಿಗೆಯಲ್ಲಿ ಪಂಪಿನ ಎಣ್ಣೆ ಸೋರತೊಡಗಿತು. ಪಂಪಿನೊಳಗೆ ತಿರುಗುವ ಉಕ್ಕಿನ ದಂಡವಾದ ಶಾಫ್ಟನ್ನು ಸುತ್ತಲೂ ತಬ್ಬಿ ಎಣ್ಣೆಯನ್ನು ಒಳಗೇ ತಡೆಯುವ ರಬ್ಬರ್ ಬಳೆಯೊಂದಿದೆ; ಅದಕ್ಕೆ ಸೀಲು ಎನ್ನುತ್ತಾರೆ. ಆ ಸೀಲು ಸೋತಿತ್ತು. ಎಣ್ಣೆ ತೊಟ್ಟಿಕ್ಕಿ ನೇರ ಬಾವಿಗೇ ಬೀಳುತ್ತಿತ್ತು.

ಪರ್ವತಯ್ಯ ಹೊಸ ಸೀಲು ಹಾಕಿದ. ಸೋರಿತು.

ಬಿಚ್ಚಿ ಇನ್ನೊಂದು ಹಾಕಿದ. ಅದೂ ಸೋರಿತು.

ಪೇಟೆಗೆ ಹೋಗಿ, ಅಂಗಡಿಯವನ ಜೊತೆ ಜಗಳವಾಡಿ, ಒಳ್ಳೆಯದೆಂಬುದನ್ನು ತಂದ. ಅದು ಸೋರಲು ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಂಡಿತು, ಅಷ್ಟೇ.

ಒಂದು ಮಧ್ಯಾಹ್ನ ದಾಸೋಹದ ಪಂಕ್ತಿಯಲ್ಲಿ, ದೂರದಿಂದ ನಡೆದು ಬಂದಿದ್ದ ಮುದುಕಿಯೊಬ್ಬಳು ಒಂದು ತುತ್ತು ಬಾಯಿಗಿಟ್ಟು, ಎಣ್ಣೆಯ ವಾಸನೆಗೆ ಕೈ ತಡೆದಳು. ಆಮೇಲೆ ಯಾರೂ ನೋಡದ ಹಾಗೆ ಅನ್ನವನ್ನು ಸೆರಗಿಗೆ ಸುರಿದುಕೊಂಡಳು. ಪರ್ವತಯ್ಯ ನೋಡಿಬಿಟ್ಟ.

"ಯಾಕಬೇ, ಉಣ್ಣಲಿಲ್ಲ?"

"ಹೊಟ್ಟಿ ತುಂಬೇತಪ್ಪ," ಎಂದಳು. ಸೆರಗಿನ ಗಂಟು ಬಿಗಿದುಕೊಂಡು ಹಸಿದ ಹೊಟ್ಟೆಯಲ್ಲೇ ಎದ್ದಳು.

ಪರ್ವತಯ್ಯ ದಡದಡನೆ ಅಜ್ಜಾರ ಬಳಿ ಹೋಗಿ, ಕೈಯಲ್ಲಿದ್ದ, ನಟ್ಟು ಬಿಚ್ಚುವ ಪಾನಾವನ್ನು ನೆಲಕ್ಕೆ ಬಿಸಾಕಿದ.

"ಹೊಸಾ ಪಂಪ್ ತರಸ್ರಿ, ಇಲ್ಲಾ ಬ್ಯಾರೆ ಯಾರಿಗರೆ ಹೇಳ್ರಿ. ನನ್ನ ಕೈಲೆ ಆಗೂದಿಲ್ಲ."

ಅಜ್ಜಾರು ಅದೇ ಅನ್ನ ಉಣ್ಣುತ್ತಿದ್ದರು. ಮುಖ ಹಿಂಡುತ್ತ ಕೊನೆಯ ಅಗುಳನ್ನೂ ನುಂಗಿದರು.

"ಈ ಎಣ್ಣಿ ಅನ್ನ ಇನ್ನ ಎಷ್ಟು ದಿನ ಉಣಸ್ತಿ?"

"ಸೀಲೇ ಸರಿ ಇಲ್ರಿ. ಎಲ್ಲಾ ನಕಲಿ ಮಾಲು."

"ಎಲ್ಲಾನೂ?"

"ಎಲ್ಲಾನೂರಿ!"

ಅಜ್ಜಾರು ಗೊಣಗುತ್ತ, ಮೊಣಕಾಲು ಹಿಡಿದುಕೊಂಡು ಬಾವಿಯ ಕಡೆ ನಡೆದರು.

"ಬಿಚ್ಚು."

"ಮುಂಜಾನೆ ಬಿಚ್ಚೀನ್ರಿ."

"ಮತ್ತ ಬಿಚ್ಚು."

ಬಿಚ್ಚಿ, ಸೀಲನ್ನು ಅಜ್ಜಾರ ಕೈಗಿಟ್ಟ. ಅವರು ಅದನ್ನು ನೋಡದೆಯೇ ಕಟ್ಟೆಯ ಮೇಲೆ ಇಟ್ಟರು.

"ಅದನ್ನ ನೋಡ್ರಿ ಅಜ್ಜಾರ!"

"ಅದನ್ನ ನೀನು ಬೇಕಾದಷ್ಟು ನೋಡೀದಿ. ಶಾಫ್ಟ್ ಒರಸು. ಉಗುರು ಇಟ್ಟು ಉದ್ದಕ್ಕ ಎಳಿ."

ಎಳೆದ. ಉಗುರು ಒಂದು ಕಡೆ ಸಿಕ್ಕಿಕೊಂಡಿತು. ಶಾಫ್ಟಿನ ಸುತ್ತ ಸಣ್ಣದೊಂದು ತಗ್ಗು ಹರಿದಿತ್ತು.

"ಗೆರಿ ಐತ್ರಿ."

"ಯಾರು ಕೊರದಾರ?"

ಪರ್ವತಯ್ಯ ಶಾಫ್ಟನ್ನು ನೋಡಿದ, ಸೀಲನ್ನು ನೋಡಿದ. "ರಬ್ಬರು ಉಕ್ಕನ್ನ ಕೊರೀತೈತೇನ್ರಿ?"

"ಒಂದೇ ಜಾಗಾದಾಗ ವರ್ಷಾನುಗಟ್ಟಲೆ ತಿಕ್ಕಿದ್ರ ಏನಾಗತೈತಿ? ನೀ ನೋಡಿದ್ರ ಹೊಸಾದನ್ನ ತಂದು ತಂದು ಅದೇ ತಗ್ಗಿನ್ಯಾಗ ಕುಂದರಸ್ತಿ. ಮ್ಯಾಲ ಅಂಗಡಿಯವನಿಗೆ ಬೈತಿ."

"ಹಂಗಾರ ಶಾಫ್ಟೇ ಕೆಟ್ಟಂಗಾತು. ಪಂಪು ಹೋತು ಬಿಡ್ರಿ."

ಅಜ್ಜಾರು ಹಣೆ ಬಡಿದುಕೊಂಡರು.

"ದಾರದಷ್ಟು ಗೆರಿ ಐತಿ. ಅದರ ಬಾಜೂಕ ಏನೈತಿ?"

ಪರ್ವತಯ್ಯ ಮತ್ತೆ ಉಗುರು ಎಳೆದ. ಗೆರೆಯ ಪಕ್ಕದಲ್ಲಿ ಕನ್ನಡಿಯಂತೆ ನುಣುಪಾಗಿತ್ತು.

ಆಮೇಲೆ ಹೊಸ ಸೀಲೊಂದನ್ನು ತೆಗೆದುಕೊಂಡು ಮೆಲ್ಲಗೆ ಬಡಿಯುತ್ತ ಕೂರಿಸಿದ. ಈ ಸಲ ಪೂರ್ತಿ ಒಳಕ್ಕೆ ಇಳಿಸಲಿಲ್ಲ. ರಬ್ಬರಿನ ಅಂಚು ಗೆರೆಯನ್ನು ಬಿಟ್ಟು ನುಣುಪಾದ ಉಕ್ಕಿನ ಮೇಲೆ ಕೂರುವಷ್ಟಕ್ಕೇ ನಿಲ್ಲಿಸಿದ.

ಪಂಪು ಓಡಿತು. ಇಬ್ಬರೂ ಕಣ್ಣು ಕೀಳದೆ ನೋಡಿದರು. ಒಂದು ಹನಿಯೂ ಬೀಳಲಿಲ್ಲ.

ಬಾವಿಯ ಎಣ್ಣೆ ನೀರನ್ನೆಲ್ಲ ಎತ್ತಿ ಚೆಲ್ಲಿ, ಒಳಗಿಳಿದು ಗೋಡೆ ತಿಕ್ಕಿ ತೊಳೆದು, ಹೊಸ ಒರತೆ ಬರುವವರೆಗೆ ಕಾದರು. ಮರುದಿನ ಪಂಕ್ತಿಯಲ್ಲಿ, ಮಠದಲ್ಲೇ ತಂಗಿದ್ದ ಆ ಮುದುಕಿಗೆ ಪರ್ವತಯ್ಯ ತಾನೇ ಬಡಿಸಿದ. ಅವಳು ಕೇಳಿ ಇನ್ನೊಂದು ಸಲ ಹಾಕಿಸಿಕೊಂಡಳು.

ಆದರೂ ಸಂಜೆಗೆ ಅವನು ಮುಖ ಸಣ್ಣದು ಮಾಡಿಕೊಂಡು ಅಜ್ಜಾರ ಮುಂದೆ ಬಂದು ನಿಂತ.

"ಮತ್ತೇನೋ?"

"ಅಜ್ಜಾರ, ಈಗ ಕುಂದರಿಸಿದ ಜಾಗಾದಾಗೂ ಗೆರಿ ಬೀಳತೈತಲ್ರಿ?"

"ಬೀಳತೈತಿ."

"ಆಗ?"

"ಇನ್ನೊಂದು ಚೂರು ಸರಸು."

"ಸರಸಾಕ ಜಾಗಾನ ಉಳೀಲಿಲ್ಲಂದ್ರ?"

ಅಜ್ಜಾರು ಉಸ್ಸೆಂದು ಗೋಡೆಗೊರಗಿದರು.

"ಅಷ್ಟರಾಗ ಎಷ್ಟು ಮಂದಿ ಉಂಡು ಹೋಗಿರತಾರಲ್ಲೋ, ಮಾರಾಯಾ!"